ಸೋಮಾರಿ ರಾಣಿಯ ಸರದಿ

ಮಾರ್ಚ್ ೩

ಪುಟ್ಟೀ,

ಕಾಗದ ಬರೆಯುವಾಗ ಮೊದಲು ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಆ ಸಾಲು ಬರೆಯಲು ಕೈ ಬರಲಿಲ್ಲ. ಇಬ್ಬರೂ ಊಟ ಮಾಡುತ್ತಿದ್ದೇವೆ, ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದೇವೆ. ಅಷ್ಟು ತಿಳಿದುಕೋ.

ನಾನು ಹೋದ ಸೋಮವಾರದಿಂದ ಮತ್ತೆ ಆಸ್ಪತ್ರೆಯ ಕೆಲಸಕ್ಕೆ ಹೋಗತೊಡಗಿದೆ. ಒಗೆತದ ಕೋಣೆಯಲ್ಲಿ ಏನೂ ಬದಲಾಗಿಲ್ಲ. ದೊಡ್ಡ ಯಂತ್ರ ಈಗಲೂ ಕೊನೆಯ ಸುತ್ತಿಗೆ ಜಾಗ ಬಿಟ್ಟು ಕುಣಿಯುತ್ತದೆ, ಅದರ ಕಾಲಿನ ಕೆಳಗೆ ಈಗಲೂ ಮಡಿಸಿದ ರಟ್ಟು ಇದೆ. ಹುಡುಗಿಯರು ನನ್ನ ಎದುರು ನಗಬಾರದೆಂದು ತುಟಿ ಬಿಗಿದುಕೊಂಡಿರುತ್ತಾರೆ. “ಏನ್ರೇ, ಯಾರಾದ್ರೂ ಒಂದು ಜೋಕ್ ಹೇಳ್ರೇ” ಅಂದೆ. ಆಮೇಲಂತೂ ಎಲ್ಲರೂ ಇನ್ನಷ್ಟು ಗಪ್‌ಚಿಪ್.

ನಿಮ್ಮಪ್ಪನೂ ಬೀಗದ ಅಂಗಡಿ ತೆಗೆದಿದ್ದಾರೆ. ಗಿರಾಕಿಗಳ ಹತ್ತಿರ ಎಷ್ಟು ಬೇಕೋ ಅಷ್ಟು ಮಾತು. ಮನೆಯಲ್ಲಿ ಅದೂ ಇಲ್ಲ. ಅಂದು ಬೀಗದ ಸ್ಪ್ರಿಂಗ್ ತರಲು ನಿನ್ನ ತಮ್ಮನನ್ನು ಕಳಿಸಿದ್ದು ಅವರೇ ಎಂಬ ಮಾತನ್ನು ನಾನು ಎತ್ತುವುದಿಲ್ಲ, ಅವರೂ ಎತ್ತುವುದಿಲ್ಲ. ಅವನ ಗಾಡಿ ಜಾರಿದ ಆ ತಿರುವಿಗೆ ಈಗ ಹೊಸದಾಗಿ ಡಾಂಬರು ಹಾಕಿದ್ದಾರಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಯಿತು.

ನಾನು ಬರೆಯಲು ಕೂತಿದ್ದು ಇದಕ್ಕಲ್ಲ. ನಿನ್ನ ತಮ್ಮನ ಕಂಪ್ಯೂಟರ್ ಅಂದಿನಿಂದ ಹಾಗೇ ಓಡುತ್ತಿದೆ. ಆರಿಸಲು ನನಗೆ ಗೊತ್ತಿಲ್ಲ ಎಂದಲ್ಲ. ಕೋಣೆಯ ಬಾಗಿಲು ಹಾಕಿದ್ದರೆ ಅದರ ಫ್ಯಾನಿನ ಸದ್ದು ಹೊರಗೆ ಕೇಳಿಸುತ್ತದೆ, ಒಳಗೆ ಅವನು ಇದ್ದಾಗ ಕೇಳಿಸುತ್ತಿದ್ದ ಹಾಗೇ. ಪರದೆ ಪೂರ್ತಿ ಕಪ್ಪು. ನಡುವೆ ಬಿಳಿ ಅಕ್ಷರದಲ್ಲಿ ಹೀಗಿದೆ: ‘ಈಗ ಸೋಮಾರಿ ರಾಣಿಯ ಸರದಿ. ಸಿದ್ಧವಾದಾಗ ಒತ್ತಿ.’

ಯಾರು ಈ ಸೋಮಾರಿ ರಾಣಿ? ಯಾವುದಾದರೂ ಹುಡುಗಿಯೋ? ಯಾರಾದರೂ ಕಾಯುತ್ತಿದ್ದರೆ ಅವಳಿಗೂ ಹೇಳಬೇಕಲ್ಲ ಎಂದು ಕೇಳುತ್ತಿದ್ದೇನೆ. ನೀನು ಹೇಗಿದ್ದೀ ಎಂದು ಬರೆ.

ನಿನ್ನ
ಅಮ್ಮ


ಮಾರ್ಚ್ ೧೯

ಅಮ್ಮ,

ಹುಡುಗಿ ಯಾರೂ ಇಲ್ಲ. ಸೋಮಾರಿ ರಾಣಿ ನಾನೇ.

ಅದು ಒಂದು ಆಟ. ಚದುರಂಗ ಇದೆಯಲ್ಲ, ಅದಕ್ಕೆ ಕೋಟೆ, ಕಾಡು, ಮಂತ್ರವಾದಿ, ರಾಕ್ಷಸರನ್ನೆಲ್ಲ ಸೇರಿಸಿ ದೊಡ್ಡದು ಮಾಡಿದ್ದಾರೆ ಎಂದುಕೋ. ಇಬ್ಬರು ಅರಸರು, ಒಂದೇ ನಾಡು. ಒಬ್ಬರು ತಮ್ಮ ಕಡೆಯವರನ್ನೆಲ್ಲ ನಡೆಸಿ ‘ಸರದಿ ಮುಗಿಯಿತು’ ಎಂದು ಒತ್ತಿದ ಮೇಲೆಯೇ ಇನ್ನೊಬ್ಬರ ಕಡೆಯವರು ಕದಲುವುದು. ನಮ್ಮ ಹತ್ತಿರ ಇದ್ದದ್ದು ಒಂದೇ ಕಂಪ್ಯೂಟರ್, ಒಂದೇ ಕುರ್ಚಿ. ಹಾಗಾಗಿ ಸರದಿ ಮುಗಿದ ಕೂಡಲೇ ಪರದೆ ಕಪ್ಪಾಗುತ್ತದೆ, ಎದುರಿನವರು ಕದ್ದು ನೋಡದಿರಲಿ ಎಂದು. ಒಬ್ಬರು ಎದ್ದು ಹಾಸಿಗೆ ಮೇಲೆ ಕೂತು ಗೋಡೆ ನೋಡಬೇಕು, ಇನ್ನೊಬ್ಬರು ಕುರ್ಚಿಗೆ ಬರಬೇಕು. ನಾನು ಒಂದು ಸರದಿಗೆ ಅರ್ಧ ಮಧ್ಯಾಹ್ನ ತೆಗೆದುಕೊಳ್ಳುತ್ತೇನೆಂದು ನನಗೆ ಆ ಹೆಸರಿಟ್ಟ. ಅವನ ಹೆಸರನ್ನು ನಾನಿಟ್ಟೆ. ಅವಸರದ ರಾಜ. ಈಗ ಬೇರೆ ಹೆಸರು ಇಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಕಳೆದ ಸಲ ರಜೆಗೆ ಬಂದಾಗ ಶುರು ಮಾಡಿದ್ದು. ನಾನು ಹೊರಡುವ ಹೊತ್ತಿಗೆ ಅವನ ಸರದಿ ಇತ್ತು. “ಯೋಚನೆ ಮಾಡಿ ಆಡ್ತೀನಿ ಕಣೇ, ನೀನು ಹೋಗು” ಅಂದ. ಅವನು ಯೋಚನೆ ಮಾಡುತ್ತೇನೆ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಯಾವಾಗಲೋ ಆಡಿ ಮುಗಿಸಿದ್ದಾನೆ, ನನ್ನನ್ನು ಕರೆದು ಇಟ್ಟಿದ್ದಾನೆ.

ಆರಿಸಬೇಕೆಂದರೆ ಆರಿಸು. ಪ್ರತಿ ಸರದಿಗೂ ಆಟ ತಾನೇ ಉಳಿದುಕೊಳ್ಳುತ್ತದೆ, ಮತ್ತೆ ಹಚ್ಚಿದರೆ ಅಲ್ಲಿಂದಲೇ ತೆರೆಯುತ್ತದೆ. ನನ್ನ ಸರದಿ ಹಾಗೇ ಇರಲಿ ಬಿಡು.

ಇಲ್ಲಿ ದ್ವೀಪದಲ್ಲಿ ಎಲ್ಲ ಎಂದಿನಂತೆ. ಬೆಳಿಗ್ಗೆ ಬಲೂನು ಹಾರಿಸುತ್ತೇನೆ, ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು ಶಾಖ, ತೇವ ಎಷ್ಟೆಂದು ನೋಡುತ್ತೇನೆ, ವೈರ್‌ಲೆಸ್‌ನಲ್ಲಿ ಓದಿ ಹೇಳುತ್ತೇನೆ. ಹವಾಮಾನ ಬಿಟ್ಟು ಬೇರೇನನ್ನೂ ಅದರಲ್ಲಿ ಹೇಳುವಂತಿಲ್ಲ, ನಿನಗೆ ಗೊತ್ತೇ ಇದೆ. ಅವನ ಸುದ್ದಿ ಬಂದ ದಿನ ಸಮುದ್ರ ಎದ್ದು ದೋಣಿ ಬರಲಿಲ್ಲ. ದೋಣಿ ಬರುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿತ್ತು. ಈಗ ನಮ್ಮ ಮುಖ್ಯಸ್ಥರು, “ಮುಂದಿನ ದೋಣಿಗೆ ಹೋಗಿ ಬಾ ತಾಯಿ, ಬಲೂನು ನಾನು ಬಿಡ್ತೀನಿ” ಎನ್ನುತ್ತಾರೆ. ನಾನೇ ಬೇಡ ಅಂದೆ. ನನಗೆ ಅಳು ಬರುತ್ತಿಲ್ಲ ಅಮ್ಮ. ಏನೂ ಅನ್ನಿಸುತ್ತಿಲ್ಲ. ಹೀಗಿರುವವಳು ಬಂದು ನಿಮ್ಮ ಎದುರು ಕೂತು ಏನು ಮಾಡಲಿ?

ಇಂತಿ,
ನಿನ್ನ ಮಗಳು


ಏಪ್ರಿಲ್ ೫

ಪುಟ್ಟೀ,

ನನ್ನಿಂದ ಒಂದು ಎಡವಟ್ಟಾಗಿದೆ. ಪೂರ್ತಿ ಓದಿ ಆಮೇಲೆ ಬೈ.

ಪರದೆಯ ಮೇಲೆ ಧೂಳು ಕೂತಿತ್ತು. ಒದ್ದೆ ಬಟ್ಟೆ ತಂದು ಒರೆಸಿದೆ. ಒರೆಸುವಾಗ ಕೈ ಕೆಳಗಿನ ಗುಂಡಿಗಳ ಮೇಲೂ ಹೋಯಿತು. ನನಗೆ ಒಂದನ್ನು ಒರೆಸಿ ಪಕ್ಕದ್ದನ್ನು ಬಿಡುವ ಅಭ್ಯಾಸವಿಲ್ಲ. ಒಮ್ಮೆಲೇ ಕಹಳೆ, ನಗಾರಿ! ನಿಮ್ಮಪ್ಪ ಸ್ನಾನದಿಂದ ಅರ್ಧಕ್ಕೆ ಎದ್ದು ಟವೆಲ್ ಸುತ್ತಿಕೊಂಡು ಓಡಿ ಬಂದರು. ಬಾಗಿಲಲ್ಲಿ ನಿಂತರು, ಕುರ್ಚಿ ನೋಡಿದರು. ಕುರ್ಚಿಯಲ್ಲಿ ನಾನಿದ್ದೆ. ಹೋಗಿ ಮತ್ತೆ ನೀರು ಹಾಕಿಕೊಂಡರು. ಅವರು ಯಾರನ್ನು ನೋಡಬಹುದು ಎಂದುಕೊಂಡು ಓಡಿಬಂದರೋ ನನಗೆ ಗೊತ್ತು. ನಾನು ಎದ್ದು ಹೋಗಬೇಕಿತ್ತೇನೋ. ಹೋಗಲಿಲ್ಲ.

ಹೀಗೆ ನಿನ್ನ ಸರದಿಯೊಳಗೆ ನಾನು ನುಗ್ಗಿದೆ. ಏನನ್ನೂ ಕದಲಿಸಿಲ್ಲ, ನೋಡಿದ್ದು ಮಾತ್ರ. ಹೊಸಬಳ ಕಣ್ಣಿಗೆ ಏನು ಕಂಡಿತೆಂದು ಹೇಳುತ್ತೇನೆ.

ಮೊದಲು ಕಂಡದ್ದು ಕಪ್ಪು. ನಡುವೆ ಒಂದಿಷ್ಟು ಹಸಿರು ನೆಲ, ಸುತ್ತ ಮಸಿ ಬಳಿದ ಹಾಗೆ. ಕಲೆ ಎಂದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಆಸ್ಪತ್ರೆಯಲ್ಲಿ ರಕ್ತದ ಕಲೆಗೆ ಹಾಕುವ ದ್ರಾವಣ ಸ್ವಲ್ಪ ಮನೆಯಲ್ಲಿತ್ತು, ಅದನ್ನೂ ಹಾಕಿದೆ. ಹೋಗಲಿಲ್ಲ. ನನ್ನ ಕೈಯಲ್ಲಿ ಹೋಗದ ಕಲೆ ಯಾವುದಪ್ಪಾ ಎಂದು ಕನ್ನಡಕ ಹಾಕಿ ನೋಡಿದರೆ ಅದು ಮೆಲ್ಲಗೆ ಅಲುಗಾಡುತ್ತಿತ್ತು. ಮಂಜು. ನಿನ್ನ ಜನ ಕಾಲಿಡದ ಕಡೆಯೆಲ್ಲ ಮಂಜು. ಅದರಾಚೆ ಏನಿದೆಯೋ ನಡೆದು ನೋಡಿದವರಿಗೇ ಗೊತ್ತು.

ನೆಲವನ್ನೆಲ್ಲ ಜೇನುಗೂಡಿನಂತೆ ಆರು ಮೂಲೆಯ ಮನೆಗಳಾಗಿ ಮಾಡಿದ್ದಾರೆ. ನನ್ನ ಹೆಬ್ಬೆರಳಷ್ಟು ಕೋಟೆ. ಅದರ ಮುಂದೆ ಬಿಲ್ಲಿನವರು, ಈಟಿಯವರು, ಬಂಡೆಗಲ್ಲಿನಿಂದ ಮಾಡಿದ ಒಬ್ಬ ದೈತ್ಯ, ನೀಲಿ ಗಡ್ಡದ ಒಬ್ಬ ಮಂತ್ರವಾದಿ. ಇಷ್ಟು ಜನಕ್ಕೆ ಒಂದು ಅಡುಗೆಮನೆ ಇಲ್ಲ. ಬಟ್ಟೆ ಒಗೆಯುವ ಜಾಗವಂತೂ ಇಲ್ಲವೇ ಇಲ್ಲ; ಆ ದೈತ್ಯನ ಸೊಂಟದ ಬಟ್ಟೆ ನೋಡಿದರೆ ಗೊತ್ತಾಗುತ್ತದೆ. ನಾಡು ಕಟ್ಟಿದವರು ಗಂಡಸರೇ ಇರಬೇಕು.

ಇನ್ನೊಂದು ನೋಡಿದೆ. ಅವರೆಲ್ಲ ಉಸಿರಾಡುತ್ತಾರೆ ಪುಟ್ಟೀ. ಯಾರೂ ಆಡಿಸದಿದ್ದರೂ ನಿಂತಲ್ಲೇ ಎದೆ ಏಳುತ್ತದೆ, ಇಳಿಯುತ್ತದೆ. ಒಬ್ಬ ಬಿಲ್ಲಿನವನು ಆಗಾಗ ಕತ್ತು ಕೆರೆದುಕೊಳ್ಳುತ್ತಾನೆ. ಈಗ ಕೆರೆಯುತ್ತಾನೆ, ಈಗ ಕೆರೆಯುತ್ತಾನೆ ಎಂದು ನೋಡುತ್ತ ಕೂತಿದ್ದೆ, ಅನ್ನ ತಳ ಹಿಡಿಯಿತು.

ಮಂತ್ರವಾದಿಯ ಮೇಲೆ ಮೌಸಿನ ಬಾಣದ ಗುರುತು ಇಟ್ಟರೆ ಅವನ ವಿದ್ಯೆಗಳೆಲ್ಲ ಬರುತ್ತವೆ. ಬೆಂಕಿ, ಮಿಂಚು, ಗಾಯ ಮಾಯಿಸುವುದು. ಕೊನೆಯದು ಸತ್ತವರನ್ನು ಎಬ್ಬಿಸುವುದು. ಎರಡು ಸರದಿ ಕಾಯಬೇಕು, ಅಷ್ಟೇ ಅದರ ಬೆಲೆ. ಓದಿದೆ, ಮುಂದೆ ಹೋದೆ. ಆ ಭಾಗವನ್ನು ಮಾಡಿದವರಿಗೆ ಏನೂ ಗೊತ್ತಿಲ್ಲ.

ಆದರೆ ಒಂದು ಹಿಡಿಸಿತು. ನಾನು ಒತ್ತದಿದ್ದರೆ ಏನೂ ನಡೆಯುವುದಿಲ್ಲ. ಆಸ್ಪತ್ರೆಗೆ ಹೋಗಿ ಬಂದೆ, ಹಾಗೇ ಇತ್ತು. ಆರಿಸಿ ಹಚ್ಚಿದೆ, ಹಾಗೇ ಇತ್ತು. ಇಡೀ ದಿನ ನನ್ನನ್ನು ಯಾರೂ ‘ಮುಂದೇನು, ಮುಂದೇನು’ ಎಂದು ಕೇಳದ ಜಾಗ ಅದೊಂದೇ.

ಮರೆತಿದ್ದೆ. ಮೇಲೆ ಮೂಲೆಯಲ್ಲಿ ಒಂದು ಸುರುಳಿಯ ಚಿತ್ರವಿತ್ತು, ಒತ್ತಿದೆ. ‘ಅವಸರದ ರಾಜನು ನಿಮ್ಮ ಗಿರಣಿಯನ್ನು ಸುಟ್ಟಿದ್ದಾನೆ’ ಎಂದು ಬಂತು. ಅಂದರೆ ಏನು? ಜಗಳವಾಡಿದ್ದಿರಾ?

ನಿನ್ನ
ಅಮ್ಮ


ಏಪ್ರಿಲ್ ೨೨

ಅಮ್ಮ,

ಗಿರಣಿ ಸುಟ್ಟನೇ! ಕಳ್ಳ! ಆ ಗಿರಣಿ ಕಟ್ಟಲು ನನಗೆ ಎಷ್ಟು ಸರದಿ ಬೇಕಾಯಿತು ಗೊತ್ತಾ? ‘ಯೋಚನೆ ಮಾಡ್ತೀನಿ’ ಎಂದು ಹಲ್ಲು ಕಿರಿದು ನನ್ನನ್ನು ಸಾಗಹಾಕಿ, ಮಾಡಿದ ಯೋಚನೆ ಇದು.

ನಿನ್ನ ಕಾಗದವನ್ನು ದಡದಲ್ಲೇ ನಿಂತು ಓದಿದೆ. ಗಿರಣಿಯ ಸಾಲಿಗೆ ಬಂದಾಗ ನಕ್ಕೆ, ಜೋರಾಗಿ. ದೋಣಿಯವನು ಅಕ್ಕಿ ಮೂಟೆ ಕೆಳಗಿಟ್ಟು ನನ್ನನ್ನೇ ನೋಡಿದ. ಆಮೇಲೆ ನಗು ನಿಲ್ಲಿಸಲು ಆಗಲಿಲ್ಲ, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಮುಖ್ಯಸ್ಥರು ಬಂದು ನೀರಿನ ಬಾಟಲಿ ಕೊಟ್ಟು, “ಅತ್ತುಬಿಡು ತಾಯಿ, ಇಲ್ಲಿ ಕೇಳೋಕೆ ಹಕ್ಕಿ ಬಿಟ್ರೆ ಯಾರಿದಾರೆ” ಎಂದು ಹೊರಟುಹೋದರು. ಸಂಜೆಗೆ ಮತ್ತೆ ಮೊದಲಿನಂತೆಯೇ ಆಯಿತು, ಮರಗಟ್ಟಿದ ಹಾಗೆ. ಆದರೆ ಒಂದು ಹೊತ್ತು ಹಾಗಿರಲಿಲ್ಲ. ಅದನ್ನು ನಿನಗೆ ಹೇಳಬೇಕು ಅನ್ನಿಸಿತು.

ಜಗಳವಲ್ಲ ಅಮ್ಮ. ನಾವು ಆಡುತ್ತಿದ್ದದ್ದೇ ಹಾಗೆ.

ಸುಮ್ಮನೆ ಬಿಡಬಾರದು ಅವನನ್ನು. ಹೇಳಿದಂತೆ ಮಾಡು. ಬಂಡೆಯ ದೈತ್ಯನನ್ನು ಹೊಳೆಯ ಸೇತುವೆಯ ಮೇಲೆ ನಿಲ್ಲಿಸು; ಅವನು ನಿಂತರೆ ಯಾರೂ ದಾಟಲಾರರು. ಬಿಲ್ಲಿನವರನ್ನು ಗುಡ್ಡ ಹತ್ತಿಸು, ಎತ್ತರದಿಂದ ಬಾಣ ದೂರ ಹೋಗುತ್ತದೆ. ಆ ಕತ್ತು ಕೆರೆಯುವವನು ಹೊಸಬ, ಅವನನ್ನು ಮುಂದೆ ಕಳಿಸಿ ಮಂಜಿನಲ್ಲಿ ಏನಿದೆ ನೋಡು. ಸತ್ತರೂ ನಷ್ಟವಿಲ್ಲ. ಗಾಯವಾದವರನ್ನೂ ಮುಂದಿನ ಸಾಲಿಗೆ ಹಾಕು, ಹೇಗಿದ್ದರೂ ಹೋಗುವವರು.

ಅಲ್ಲಿಗೆ ನಿಲ್ಲಿಸು. ‘ಸರದಿ ಮುಗಿಯಿತು’ ಎಂಬುದನ್ನು ಒತ್ತಬೇಡ. ಕೆಳಗೆ ಬಲಗಡೆ ಮರಳುಗಡಿಯಾರದ ಚಿತ್ರ ಇದೆಯಲ್ಲ, ಅದನ್ನು ಮುಟ್ಟಲೇಬೇಡ. ಒತ್ತಿದರೆ ಪರದೆ ಮತ್ತೆ ಕಪ್ಪಾಗುತ್ತದೆ. ಕಪ್ಪಾಗಿ ಅವನನ್ನು ಕರೆಯುತ್ತದೆ. ಅವನು ಬರುವವರೆಗೆ ಕಾಯುತ್ತದೆ. ಅದನ್ನು ನೀನು ನೋಡುವುದು ನನಗೆ ಬೇಡ.

ಇಂತಿ,
ಸೋಮಾರಿ ರಾಣಿ
(ಹಾಗೇ ಬರೆದುಬಿಟ್ಟೆ, ಹೊಡೆದುಹಾಕುವುದಿಲ್ಲ.)


ಮೇ ೮

ಪುಟ್ಟೀ,

ನೀನು ಹೇಳಿದ್ದರಲ್ಲಿ ಅರ್ಧ ಮಾಡಿದೆ, ಅರ್ಧ ನನ್ನ ಮನಸ್ಸಿಗೆ ಬಂದಂತೆ ಮಾಡಿದೆ.

ದೈತ್ಯನನ್ನು ಸೇತುವೆಗೆ ಕಳಿಸಿದೆ. ಹೋಗುವಾಗ ಗೊಣಗುತ್ತ ಹೋದ. ಬಿಲ್ಲಿನವರನ್ನು ಗುಡ್ಡ ಹತ್ತಿಸಿದೆ. ಕತ್ತು ಕೆರೆಯುವವನನ್ನು ಮಂಜಿನೊಳಕ್ಕೆ ಕಳಿಸಲು ಮಾತ್ರ ನನ್ನಿಂದ ಆಗಲಿಲ್ಲ. ಒಬ್ಬನೇ ಹೋಗು ಎನ್ನಲು ಬಾಯಿ ಬರಲಿಲ್ಲ. ಅವನನ್ನು ಕೋಟೆಯೊಳಗೆ ಇಟ್ಟಿದ್ದೇನೆ. ಗಾಯಾಳುಗಳನ್ನು ಮುಂದಿನ ಸಾಲಿಗೆ ಹಾಕುವ ಪದ್ಧತಿ ನಮ್ಮ ಆಸ್ಪತ್ರೆಯಲ್ಲಿಲ್ಲ, ಅವರನ್ನೆಲ್ಲ ಸಾಲಾಗಿ ಮಂತ್ರವಾದಿಯ ಹತ್ತಿರ ನಿಲ್ಲಿಸಿದೆ. ನೀನು ಸೋತರೆ ನನ್ನಿಂದಲೇ ಸೋತೆ ಎಂದುಕೋ.

ಆಮೇಲೆ ಒತ್ತಿದೆ. ಕೈ ತಪ್ಪಿ ಅಲ್ಲ, ಗೊತ್ತಿದ್ದೇ ಒತ್ತಿದೆ.

ಸಿಟ್ಟು ಮಾಡಿಕೊಳ್ಳಬೇಡ. ನೆನೆಸಿದ ಬಟ್ಟೆಯನ್ನು ಹಿಂಡದೆ ಬಿಟ್ಟರೆ ಏನಾಗುತ್ತದೆ ಎಂದು ನಿತ್ಯ ಮೂಗಿನಿಂದ ನೋಡುವವಳು ನಾನು. ಮುಗ್ಗಲು ಹಿಡಿಯುತ್ತದೆ, ಆಮೇಲೆ ಯಾವ ಔಷಧಿಗೂ ಬಗ್ಗುವುದಿಲ್ಲ. ಈ ಮನೆಯಲ್ಲಿ ಎಲ್ಲವೂ ನೆನೆದ ಹಾಗೇ ಇದೆ. ಅವನ ಚಪ್ಪಲಿ ಬಾಗಿಲಲ್ಲಿದೆ. ಅವನ ಹಲ್ಲುಜ್ಜುವ ಬ್ರಷ್ ಲೋಟದಲ್ಲಿದೆ. ಒಂದಾದರೂ ಮುಂದೆ ಹೋಗಲಿ ಅನ್ನಿಸಿತು.

ನೀನು ಹೇಳಿದ ಹಾಗೇ ಆಯಿತು. ಕಪ್ಪಾಯಿತು. ‘ಈಗ ಅವಸರದ ರಾಜನ ಸರದಿ. ಸಿದ್ಧವಾದಾಗ ಒತ್ತಿ.’

ನನಗೂ ಏನೂ ಅನ್ನಿಸಲಿಲ್ಲ ಕಣೇ. ಕುರ್ಚಿಯಿಂದ ಎದ್ದು ಹಾಸಿಗೆ ಮೇಲೆ ಕೂತು ಗೋಡೆ ನೋಡಿದೆ, ಆಟದ ನಿಯಮ ಅಂತ ನೀನು ಬರೆದಿದ್ದೆಯಲ್ಲ. ಬಹಳ ಹೊತ್ತು ಕೂತೆ. ಕುರ್ಚಿಗೆ ಯಾರೂ ಬರಲಿಲ್ಲ. ಬರುವುದಿಲ್ಲ ಎಂದು ನನಗೆ ಹಾಗೆ ಕೂತಾಗಲೇ ಗೊತ್ತಾಗಿದ್ದು ಅನ್ನಿಸುತ್ತದೆ. ಅಷ್ಟು ಜನ ಬಂದು ಸಮಾಧಾನ ಹೇಳಿ ಹೋದಾಗಲೂ ಗೊತ್ತಾಗಿರಲಿಲ್ಲ.

ಕೊನೆಗೆ ನಿಮ್ಮಪ್ಪನನ್ನು ಕರೆದೆ. ಅವನು ಹೋದ ಮೇಲೆ ಅವರು ಆ ಕೋಣೆಯೊಳಗೆ ಬಂದದ್ದು ಅದೇ ಮೊದಲು. ಪರದೆಯ ಮೇಲಿದ್ದದ್ದನ್ನು ಎರಡು ಸಲ ಓದಿದರು. “ಇದೊಂದು ಬೀಗ” ಅಂದರು.

“ಹೌದು, ಒತ್ತಿದ್ರೆ ತೆರೆಯುತ್ತೆ. ನನ್ನ ಕೈಲಿ ಆಗ್ತಿಲ್ಲ, ನೀವೇ ಒತ್ತಿ” ಅಂದೆ.

“ಯಾರದ್ದು?”

“ಗೊತ್ತಿಲ್ವಾ ಯಾರದ್ದು ಅಂತ? ಅವನದ್ದೇ.”

“ಒಡೆಯ ಎದುರಿಗಿಲ್ಲದ ಬೀಗ ನಾನು ತೆಗೆಯಲ್ಲ” ಅಂದರು. ಅಂಗಡಿಗೆ ಬಂದವರಿಗೆ ಹೇಳುವ ಧ್ವನಿಯಲ್ಲೇ ಹೇಳಿದರು. ಹೆಗಲ ಮೇಲಿದ್ದ ಎಣ್ಣೆ ಒರೆಸುವ ಬಟ್ಟೆ ತೆಗೆದು ಗುಂಡಿಗಳ ಮೇಲೆ ಹೊದಿಸಿ, ಹೊರಗೆ ಹೋದರು. ನನಗೆ ರೇಗಿತು. ಮನೆಯೊಳಗೂ ಅದೇ ಕಾನೂನಾ! ಆದರೆ ಅಷ್ಟು ಮಾತನ್ನಾದರೂ ಆಡಿದರಲ್ಲ ಎಂದು ಸುಮ್ಮನಾದೆ.

ಈಗ ಹಾಗೇ ಇದೆ, ಬಟ್ಟೆ ಹೊದ್ದುಕೊಂಡು.

ನಿನ್ನ
ಅಮ್ಮ


ಮೇ ೨೬

ಅಮ್ಮ,

ಬೇಡ ಎಂದು ಬರೆದಿದ್ದೆ. ಅದೊಂದೇ ನಾನು ಕೇಳಿದ್ದು. ಕತ್ತು ಕೆರೆಯುವವನನ್ನು ಒಬ್ಬನೇ ಕಳಿಸಲು ನಿನಗೆ ಮನಸ್ಸಾಗಲಿಲ್ಲ, ನನ್ನ ಸರದಿ ಮುಗಿಸಲು ಮಾತ್ರ ಮನಸ್ಸಾಯಿತು.

ಇಷ್ಟು ದಿನ ಅಲ್ಲಿ ‘ಸೋಮಾರಿ ರಾಣಿಯ ಸರದಿ’ ಎಂದಿತ್ತು. ಅಂದರೆ ಅವನು ಆಡಿ ಮುಗಿಸಿ, ಹಾಸಿಗೆ ಮೇಲೆ ಕೂತು, ನನ್ನನ್ನು ಕಾಯುತ್ತಿದ್ದಾನೆ. “ಬೇಗ ಆಡೇ, ನನಗೆ ವಯಸ್ಸಾಗ್ತಿದೆ” ಎಂದು ರೇಗಿಸುತ್ತಿದ್ದಾನೆ. ತಡ ಮಾಡುತ್ತಿರುವವಳು ನಾನು. ಹಾಗಿದ್ದರೆ ನನಗೆ ಸಾಕಾಗಿತ್ತು. ಈಗ ತಡ ಮಾಡುತ್ತಿರುವವನು ಅವನು.

ನೀನು ಒಮ್ಮೆಯೂ ‘ಯಾವಾಗ ಬರುತ್ತೀ’ ಎಂದು ಕೇಳಿಲ್ಲ. ಕೇಳದೇ ಇರುವುದು ಗೊತ್ತಾಗುತ್ತದೆ ಅಮ್ಮ. ಹಾಗಾಗಿ ಹೇಳಿಬಿಡುತ್ತೇನೆ. ಈ ದ್ವೀಪದಲ್ಲಿ ಅವನು ಎಂದೂ ಇರಲಿಲ್ಲ. ಇಲ್ಲಿಯ ಊಟದ ಮೇಜಿಗೆ ಅವನು ಕೂತಿಲ್ಲ, ಇಲ್ಲಿಯ ಬಾಗಿಲಿಗೆ ಅವನ ಚಪ್ಪಲಿ ಬಂದಿಲ್ಲ. ಇಲ್ಲಿ ಏನೂ ಕಡಿಮೆಯಾಗಿಲ್ಲ. ಬಲೂನು ಬಿಟ್ಟು ಅದು ಚುಕ್ಕೆಯಾಗುವವರೆಗೆ ನೋಡುತ್ತೇನೆ, ಮನೆಯಲ್ಲಿ ಎಲ್ಲ ಎಂದಿನಂತೆ ಇದೆ ಎಂದುಕೊಳ್ಳುತ್ತೇನೆ. ಬಂದರೆ ಹಾಗೆ ಅಂದುಕೊಳ್ಳಲು ಆಗುವುದಿಲ್ಲ. ಅದಕ್ಕೇ ಈ ದೋಣಿಗೂ ನಾನು ಬರುತ್ತಿಲ್ಲ. ಮುಂದಿನದಕ್ಕೂ ಗೊತ್ತಿಲ್ಲ.

ಅಪ್ಪನಿಗೆ ಹೇಳು, ಒಡೆಯನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ, ಒತ್ತಿಬಿಡಲಿ. ಇಲ್ಲವಾದರೆ ಆ ಯಂತ್ರವನ್ನೇ ಯಾರಿಗಾದರೂ ಕೊಟ್ಟುಬಿಡಿ. ನನಗೆ ಎರಡೂ ಒಂದೇ.

ಇಂತಿ,
ನಿನ್ನ ಮಗಳು


ಜೂನ್ ೯

ಮಗಳೇ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಹೊಂದಿಸಿಕೊಂಡು ಓದು.

ನಿನ್ನ ಕಾಗದವನ್ನು ಅಮ್ಮ ಓದಿ ಹೇಳಿದಳು. ದ್ವೀಪದ ಮಾತು ನನಗೆ ಅರ್ಥವಾಯಿತು. ನಾನೂ ಈಚೆಗೆ ಅಂಗಡಿ ಮುಚ್ಚುವುದು ತಡ. ಅಂಗಡಿಗೆ ಅವನು ಬರುತ್ತಿದ್ದದ್ದು ಕಡಿಮೆ.

ಒತ್ತಿಬಿಡಲಿ ಎಂದು ಬರೆದಿದ್ದೀಯ. ಅದು ಹಾಗೆ ಆಗುವುದಿಲ್ಲ. ಬೀಗದ ಕೆಲಸಕ್ಕೆ ಒಂದು ಕ್ರಮ ಇದೆ. ನನಗೆ ಕೆಲಸ ಕಲಿಸಿದವರು ಮೊದಲ ದಿನ ಹೇಳಿದ್ದು. ಒಡೆಯ ಎದುರಿಗಿಲ್ಲದೆ ತೆಗೆಯಬಾರದು. ಒಡೆಯ ತೀರಿಕೊಂಡಿದ್ದರೆ ಮನೆಯವರು ಇಬ್ಬರು ಪಕ್ಕದಲ್ಲಿ ನಿಂತಿರಬೇಕು. ತೆಗೆಯುವವನು ಲೆಕ್ಕಕ್ಕಿಲ್ಲ, ಅವನು ಬರೀ ಕೈ.

ಹಾಗೆ ತೀರಿಕೊಂಡವರ ಬೀರು, ಪೆಟ್ಟಿಗೆ ಬಹಳ ತೆಗೆದಿದ್ದೇನೆ. ಹೆಚ್ಚಿನದರಲ್ಲಿ ಏನೂ ಇರುವುದಿಲ್ಲ. ಹಳೆ ಕನ್ನಡಕ, ಖಾಲಿ ಡಬ್ಬಿ. ಆದರೂ ಇಬ್ಬರು ಯಾಕೆ ಬೇಕು ಎಂದರೆ, ಒಬ್ಬರೇ ನೋಡಿದ್ದನ್ನು ಒಬ್ಬರೇ ಹೊರಬೇಕಾಗುತ್ತದೆ. ಒಮ್ಮೆ ಒಬ್ಬಾಕೆ ಯಾರೂ ಬೇಡ ಎಂದು ಹಠ ಮಾಡಿದರು. ನಾನೂ ಒಪ್ಪಿದೆ. ಬಾಗಿಲು ತೆಗೆದೆ, ಗಂಡನ ಅಂಗಿ ಮಡಿಸಿಟ್ಟಿತ್ತು, ಅಷ್ಟೇ. ಅವರು ಅದನ್ನು ನೋಡಿ ಯಾರ ಕಡೆ ತಿರುಗಬೇಕೆಂದು ತಿಳಿಯದೆ ನನ್ನ ಕಡೆ ತಿರುಗಿದರು. ನಾನು ಯಾರು ಅವರಿಗೆ? ಅಂದಿನಿಂದ ಯಾರು ಎಷ್ಟೇ ಹೇಳಿದರೂ ಕ್ರಮ ಬಿಟ್ಟಿಲ್ಲ.

ಇದು ಅವನ ಬೀಗ. ನಿನ್ನ ಅಮ್ಮ ನಿಂತಿದ್ದಾಳೆ. ಇನ್ನೊಬ್ಬರು ಬೇಕು. ಈ ಮನೆಯಲ್ಲಿ ಇನ್ನೊಬ್ಬರು ಎಂದರೆ ನೀನೇ.

ಕೋಣೆಯಲ್ಲಿ ಒಂದೇ ಕುರ್ಚಿ ಇತ್ತು. ಅಂಗಡಿಯಿಂದ ಎರಡು ಸ್ಟೂಲು ತಂದಿಟ್ಟಿದ್ದೇನೆ. ಕುರ್ಚಿ ತಿರುಗುವಾಗ ಕಿರ್ ಅನ್ನುತ್ತಿತ್ತು, ಎಣ್ಣೆ ಬಿಟ್ಟೆ. ಅಮ್ಮ ಕತ್ತು ಕೆರೆಯುವ ಯಾರನ್ನೋ ಕೋಟೆಯೊಳಗೆ ಇಟ್ಟಿದ್ದಾಳಂತೆ, ಅವನ ಚಿಂತೆ ಅವಳಿಗೆ.

ಅವಸರವಿಲ್ಲ. ಆದರೆ ದೋಣಿ ಯಾವಾಗ ಎಂದು ಬರೆ.

ಅಪ್ಪ


ಜೂನ್ ೨೪

ಅಪ್ಪ, ಅಮ್ಮ,

ಈ ಕಾಗದ ನಿಮ್ಮನ್ನು ಮುಟ್ಟುವ ಮೊದಲೇ ನಾನು ಬಂದುಬಿಡಬಹುದು, ಏಕೆಂದರೆ ಕಾಗದವೂ ನಾನೂ ಒಂದೇ ದೋಣಿಯಲ್ಲಿ ಹೊರಡುತ್ತಿದ್ದೇವೆ. ಮತ್ತೆ ಯಾಕೆ ಬರೆಯುತ್ತೀ ಎಂದು ಮುಖ್ಯಸ್ಥರೂ ಕೇಳಿದರು. ಬರೆದು ಚೀಲಕ್ಕೆ ಹಾಕಿದರೆ ದಡದಲ್ಲಿ ನಿಂತು ಮನಸ್ಸು ಬದಲಾಯಿಸಲು ಆಗುವುದಿಲ್ಲ ಎಂದೆ. ಅವರು ಬಲೂನಿನ ಅನಿಲದ ಕೀಲಿಯನ್ನು ನನ್ನಿಂದ ಇಸಿದುಕೊಂಡರು.

ಈಗಲೂ ಏನೂ ಅನ್ನಿಸುತ್ತಿಲ್ಲ. ಹೀಗೇ ಬರುತ್ತೇನೆ, ಪರವಾಗಿಲ್ಲ ತಾನೇ? ಬಾಗಿಲಲ್ಲಿರುವ ಅವನ ಚಪ್ಪಲಿ ತೆಗೆಯಬೇಡಿ. ನಾನು ಅದನ್ನು ದಾಟಿ ಒಳಗೆ ಬರಬೇಕು.

ಅವನ ಕಡೆಯ ನಾಡನ್ನು ನಾನು ಒಮ್ಮೆಯೂ ನೋಡಿಲ್ಲ ಅಮ್ಮ. ಗೋಡೆ ನೋಡಿಕೊಂಡು ಕೂರುತ್ತಿದ್ದೆನಲ್ಲ, ಒಂದು ದಿನವೂ ಕದ್ದು ನೋಡಲಿಲ್ಲ. ಅಲ್ಲಿ ಏನಿದೆಯೋ ಗೊತ್ತಿಲ್ಲ. ಏನೂ ಇಲ್ಲದಿದ್ದರೆ ನಿನ್ನ ಕಡೆ ತಿರುಗುತ್ತೇನೆ. ನೀನು ನನ್ನ ಕಡೆ ತಿರುಗು.

ಅಪ್ಪ, ನನಗೂ ಅಮ್ಮನಿಗೂ ಸ್ಟೂಲು ಸಾಕು. ಕುರ್ಚಿಯಲ್ಲಿ ನೀವು ಕೂತುಕೊಳ್ಳಿ. ಒತ್ತಿದ ಮೇಲೆ ಎದ್ದು ಹೋಗಬೇಡಿ. ಅವನ ಸರದಿಯನ್ನು ಯಾರಾದರೂ ಆಡಬೇಕು, ಹೇಗೆಂದು ನಾನು ಹೇಳಿಕೊಡುತ್ತೇನೆ. ನೀವು ಎಷ್ಟು ನಿಧಾನ ಮಾಡಿದರೂ ನಾನು ಬೈಯುವುದಿಲ್ಲ.

ಇಂತಿ, ಹೊರಟಿರುವ
ಸೋಮಾರಿ ರಾಣಿ